ತಿಮಿಂಗಿಲದ ಕಿವಿ

2016ರ ಜನವರಿ, ಫೆಬ್ರವರಿಯಲ್ಲಿ ಉತ್ತರ ಸಮುದ್ರದ ದಡಗಳಿಗೆ ಸುಮಾರು 30 ಸ್ಪರ್ಮ್ ತಿಮಿಂಗಿಲಗಳು ಬಂದು ಬಿದ್ದವು. ಇಂಗ್ಲೆಂಡ್, ನೆದರ್ಲೆಂಡ್ಸ್, ಜರ್ಮನಿ, ಫ್ರಾನ್ಸ್ ಎಲ್ಲ ಕಡೆಯೂ. ಎಲ್ಲವೂ ಹರೆಯದ ಗಂಡುಗಳೇ. ಆಳದ ಕತ್ತಲಲ್ಲಿ ಶಬ್ದ ಹೊಮ್ಮಿಸಿ, ಅದರ ಮಾರ್ದನಿ ಕೇಳಿಯೇ ಸ್ಕ್ವಿಡ್ ಹಿಡಿಯುವ ಪ್ರಾಣಿ ಅದು. ಅಷ್ಟೇನೂ ಇಳಿಜಾರಿಲ್ಲದ ಮರಳುದಿಬ್ಬಗಳ ನಡುವೆ ಮಾರ್ದನಿ ಸರಿಯಾಗಿ ಸಿಗದೆ ದಿಕ್ಕುತಪ್ಪಿತು ಅಂತಾರೆ. ಇರಬಹುದು.

ನನಗಂತೂ ಬೆರಗು ಅದರ ಕಿವಿಯ ಬಗ್ಗೆ. ಹಲ್ಲಿರುವ ತಿಮಿಂಗಿಲಗಳಿಗೆ ಹೊರಗಿವಿಯಿಲ್ಲ. ಕಣ್ಣಿನ ಹಿಂದೊಂದು ಸಣ್ಣ ತೂತು, ಅಷ್ಟೇ. ಶಬ್ದ ಒಳಗೆ ಹೋಗುವುದು ಕೆಳದವಡೆಯ ಕೊಬ್ಬಿನ ಮೂಲಕ! ಕೊನೆಯಲ್ಲಿ ಎರಡು ಮೂಳೆಗಳ ಜೋಡಿ. ಒಂದು ಥೇಟ್ ಕವಡೆಯ ಹಾಗೆ ಮಡಚಿಕೊಂಡಿರುತ್ತದೆ, ಇನ್ನೊಂದರೊಳಗೆ ಒಳಗಿವಿ. ಮೈಯ ಬೇರೆ ಮೂಳೆಗಳಿಗಿಂತ ತುಂಬಾ ಗಟ್ಟಿ, ಭಾರ. ಇದೇ ಬಳಗದ ಡಾಲ್ಫಿನ್‌ಗಳಲ್ಲಿ ಈ ಜೋಡಿ ತಲೆಬುರುಡೆಗೆ ಬೆಸೆದುಕೊಂಡೇ ಇಲ್ಲ, ತಂತುಗಳಿಂದ ತೂಗಾಡುತ್ತಿರುತ್ತದೆ. ಸುತ್ತ ಗಾಳಿ ಸೇರಿದ ನೊರೆಯಂಥ ಪದರ ಇರುವುದರಿಂದ ಎಡಗಿವಿಯ ಸದ್ದು ಬಲಗಿವಿಗೆ ಬೆರೆಯದು, ದಿಕ್ಕು ತಿಳಿಯುತ್ತದೆ. ಬುರುಡೆಯೇ ಕರಗಿದರೂ ಈ ಮೂಳೆ ಉಳಿಯುತ್ತದೆ: 1872-76ರ ಚಾಲೆಂಜರ್ ಹಡಗಿನ ಸಂಶೋಧಕರು ಪೆಸಿಫಿಕ್‌ನ ಆಳ ಕೆದಕಿದಾಗ ಶಾರ್ಕ್ ಹಲ್ಲುಗಳ ಜೊತೆ ತಿಮಿಂಗಿಲದ ಕಿವಿಮೂಳೆಗಳೂ ಬಂದಿದ್ದವು.

ಆದರೆ ಸದ್ದಿನಿಂದ ಕಿವಿ ಹಾಳಾಗಿತ್ತೇ ಎಂದು ತಿಳಿಸಬಲ್ಲ, ಮೂಳೆಯೊಳಗಿನ ಕೇಳುವ ಕೋಶಗಳು ಸತ್ತ ಕೆಲವೇ ಗಂಟೆಗಳಲ್ಲಿ ಕೊಳೆಯುತ್ತವೆ. ಪರೀಕ್ಷಕರು ದಡ ಮುಟ್ಟುವಷ್ಟರಲ್ಲಿ ಎಷ್ಟೋ ಸಲ ತಡವಾಗಿರುತ್ತದೆ. ಹಾಗಿದ್ದೂ ಪ್ರತಿ ಸಲ ನಾವು ಹಡಗುಗಳ ಸೋನಾರ್ ಸದ್ದು, ದಿಕ್ಕು ತಪ್ಪಿಸುವ ಸೌರಬಿರುಗಾಳಿ ಅಂತ ಸಂಜೆಯೊಳಗೇ ತೀರ್ಪು ಕೊಟ್ಟುಬಿಡುತ್ತೇವೆ. 2016ರ ಸಾವುಗಳನ್ನು ವರ್ಷಗಟ್ಟಲೆ ತನಿಖೆ ಮಾಡಿದವರಿಗೂ ಇದೇ ಎಂದು ಬೆರಳಿಡುವಂಥ ಒಂದು ಕಾರಣ ಸಿಗಲಿಲ್ಲ.