ಪದರಗಳ ಚಿತ್ರ

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುವ ರೂಢಿಯುಂಟಷ್ಟೆ. 1912ರಲ್ಲಿ ಬ್ರಾಕ್, ಪಿಕಾಸೊ ಎಂಬ ಚಿತ್ರಕಾರರು ಫ್ರಾನ್ಸಿನಲ್ಲಿ ಕಾಗದದ ತುಂಡುಗಳನ್ನು ಚಿತ್ರಕ್ಕೆ ಅಂಟಿಸಿದರೆಂದೂ, ಮುಂದೆ ಜರ್ಮನಿಯ ಶ್ವಿಟರ್ಸ್ ಎಂಬಾತನು ಟ್ರಾಮ್ ಚೀಟಿಗಳನ್ನೂ ಬಿಡಲಿಲ್ಲವೆಂದೂ ಓದಿದಾಗ ನಮಗೆ ನೆನಪಾದುದು ಆ ಕೌದಿಯೇ.

ನಮ್ಮ ತಾಯಿಯವರು ಕಾಲವಾದ ಮೇಲೆ ಅವರ ಲೆಕ್ಕದ ಪುಸ್ತಕವು ನಮ್ಮ ಕೈಸೇರಿತು. ಹಾಲು, ಹುಣಿಸೆಹಣ್ಣು, ಅಗಸನ ಕೂಲಿ—ಇಷ್ಟೇ ಅದರ ಸಾರ. ಹುಳುಹಿಡಿಯುವ ಮೊದಲೇ ಅದನ್ನೊಂದು ಚಿತ್ರವಾಗಿ ಮಾಡೋಣವೆಂದು ಹೊರಟೆವು. ಮೈದಾಹಿಟ್ಟಿನ ಅಂಟು ಕಾಸಿ, ಹಲಗೆಯ ಮೇಲೆ ಮೊದಲು ಲೆಕ್ಕದ ಹಾಳೆ, ಅದರ ಮೇಲೆ ಅವರ ಸೀರೆಯ ಅಂಚು, ಮಕ್ಕಳ ಬಸ್ಸಿನ ಚೀಟಿಗಳು, ಎಲ್ಲಕ್ಕೂ ಮೇಲೆ ಬಿಳಿಯ ಬಣ್ಣ, ಹೀಗೆ ಪದರ ಕಟ್ಟಿದೆವು. ಒಂದು ಪದರವು ಒಣಗುವ ಮುನ್ನ ಇನ್ನೊಂದನ್ನಿಡಬಾರದು. ಅವಸರಪಟ್ಟರೆ ಕಾಗದವು ಸುಕ್ಕುಗಟ್ಟುವುದು.

ಮುಗಿದುದನ್ನು ಕಂಡು ನಮ್ಮ ತಂದೆಯವರು, "ಅವಳ ಅಕ್ಷರವನ್ನೇ ಮುಚ್ಚಿಬಿಟ್ಟಿರಲ್ಲ!" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುದಿನ ಉಪ್ಪುಕಾಗದದಿಂದ ಒಂದು ಮೂಲೆಯನ್ನು ಮೆಲ್ಲಗೆ ಉಜ್ಜಿದೆವು. ಬಿಳುಪು ಸವೆಯಿತು, ಚೀಟಿ ಹರಿಯಿತು. ಅಡಿಯಿಂದ ಹಾಲಿನ ಲೆಕ್ಕದ ಎರಡು ಸಾಲು ಮೂಡಿದುವು. ಅದಕ್ಕಿಂತ ಹೆಚ್ಚು ಉಜ್ಜಲು ಧೈರ್ಯ ಸಾಲಲಿಲ್ಲ.

ಚಿತ್ರದಲ್ಲಿ ಮುಖವಿಲ್ಲ, ಮನೆಯಿಲ್ಲ. ಬಂದವರೆಲ್ಲರೂ ಇದೇನೆಂದು ಕೇಳುವರು. ತಂದೆಯವರು ಮಾತ್ರ ಕೇಳುವುದಿಲ್ಲ. ಬೆಳಿಗ್ಗೆ ಹಾಲು ಬಂದೊಡನೆ ಆ ಮೂಲೆಯ ಕಡೆಗೊಮ್ಮೆ ನೋಡಿ, ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋಗುವರು.