ಪ್ಯಾರಿಸ್ಸಿನ ಬ್ಯಾಗು, ಚಿಂತಾಮಣಿಯ ಬಸ್ಸು

ನಮ್ಮ ಕಡೆ ಹುಡುಗಿಯರ ಫೋನಿನಲ್ಲಿ ಈಗ 'ಫ್ರೆಂಚ್ ಸ್ಟೈಲ್' ಅನ್ನೋ ಮಾತು ಜೋರಾಗಿ ಓಡಾಡುತ್ತಿದೆ. ರೀಲ್ಸ್‌ನಲ್ಲಿ ಒಬ್ಬಳು ಬಿಳಿ ಶರ್ಟು ಹಾಕಿ, ಹೆಗಲಿಗೆ ಸಣ್ಣ ಕಪ್ಪು ಬ್ಯಾಗು ಇಳಿಬಿಟ್ಟು ಪ್ಯಾರಿಸ್ ಬೀದಿಯಲ್ಲಿ ನಡೆಯುತ್ತಾಳೆ. ಅದನ್ನು ನೋಡಿದ ಗೌರಿಬಿದನೂರಿನ ಹುಡುಗಿ 'ಅಕ್ಕಾ, ಇಂಥದ್ದು ನಮ್ಮೂರಲ್ಲಿ ಸಿಗುತ್ತಾ? ಎಷ್ಟಾಗುತ್ತೆ?' ಅಂತ ನಮಗೆ ಮೆಸೇಜು ಹಾಕುತ್ತಾಳೆ.

ನಾವು ನಾಲ್ವರು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಹೀಗೆ ಒಂದೊಂದು ತಾಲ್ಲೂಕಿನವರು. ಪತ್ರಿಕೋದ್ಯಮ ಓದುವಾಗ ಬಟ್ಟೆ ಅಂಗಡಿಯವರು ಕೊಟ್ಟ ಕವರಿನಲ್ಲೇ ಪುಸ್ತಕ, ಮಾರ್ಕ್ಸ್ ಕಾರ್ಡು ಹೊತ್ತು ತಿರುಗಿದವರು. ಬೆಂಗಳೂರಿನ ಒಂದು ಕಚೇರಿಗೆ ಸಂದರ್ಶನಕ್ಕೆ ಹೋದಾಗ, ಬಾಗಿಲಲ್ಲಿ ಕೂತವರು ಮೊದಲು ನಮ್ಮ ಕವರು ನೋಡಿ, ಆಮೇಲೆ ಮುಖ ನೋಡಿದ್ದರು. ಹಾಗಾಗಿ ಬ್ಯಾಗಿನ ವಿಷಯ ನಮಗೆ ಬರೀ ಶೋಕಿಯ ವಿಷಯವಲ್ಲ.

ಮೊದಲು ಪ್ಯಾರಿಸ್ಸಿನ ಕಥೆ ಕೇಳಿ. ಅಲ್ಲಿ ಶನೆಲ್ ಅನ್ನೋ ಹೆಸರಾಂತ ಬಟ್ಟೆ ಕಂಪನಿ ಇದೆ. ಅದನ್ನು ಕಟ್ಟಿದ ಕೊಕೊ ಶನೆಲ್, ತಾಯಿ ತೀರಿಕೊಂಡ ಮೇಲೆ ಅನಾಥಾಶ್ರಮದಲ್ಲಿ ಬೆಳೆದ ಹೆಣ್ಣುಮಗಳು. ಆಗಿನ ಕಾಲದ ದೊಡ್ಡ ಮನೆತನದ ಹೆಂಗಸರು ಬ್ಯಾಗನ್ನು ಕೈಯಲ್ಲೇ ಹಿಡಿದುಕೊಳ್ಳಬೇಕಿತ್ತು. ಕೈಯಲ್ಲಿ ಹಿಡಿದು, ಎಲ್ಲೋ ಇಟ್ಟು ಮರೆತು ಶನೆಲ್‌ಗೆ ಸಾಕಾಗಿಹೋಗಿತ್ತು. 1955ರ ಫೆಬ್ರವರಿಯಲ್ಲಿ ಆಕೆ ಹೆಗಲಿಗೆ ಹಾಕುವ ಉದ್ದ ಚೈನಿನ ಬ್ಯಾಗು ತಂದರು. ವರ್ಷ 55, ತಿಂಗಳು 2, ಹಾಗಾಗಿ ಅದರ ಹೆಸರೂ '2.55'. ಹೆಂಗಸಿನ ಎರಡೂ ಕೈ ಖಾಲಿಯಾದವು, ನೋಡಿ. ಅದೇ ಅದರ ದೊಡ್ಡಸ್ತಿಕೆ.

ಇನ್ನೊಂದು ಕಥೆ ಜೇನ್ ಬಿರ್ಕಿನ್ ಅವರದ್ದು. ಇಂಗ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ನಟಿ, ಗಾಯಕಿ. ಎಲ್ಲಿಗೆ ಹೋದರೂ ಹೆಣೆದ ಬುಟ್ಟಿಯನ್ನೇ ಬ್ಯಾಗಿನ ಹಾಗೆ ಹಿಡಿದು ಹೋಗುತ್ತಿದ್ದರು, ನಮ್ಮ ಅಜ್ಜಿಯರು ಸಂತೆಗೆ ಹೋಗುವ ಹಾಗೆ. ಒಮ್ಮೆ ವಿಮಾನದಲ್ಲಿ ಅವರ ಸಾಮಾನೆಲ್ಲ ಚೆಲ್ಲಿತು. ಪಕ್ಕದಲ್ಲಿ ಕೂತಿದ್ದವರು ಎರ್ಮೆಸ್ ಕಂಪನಿಯ ಯಜಮಾನರು. 'ಮಕ್ಕಳಿರುವ ತಾಯಿಗೆ ಸಾಕಾಗುವಂಥ ಬ್ಯಾಗೇ ಸಿಗೋದಿಲ್ಲ' ಅಂತ ಬಿರ್ಕಿನ್ ದೂರಿದರು. ಆ ಮಾತಿನಿಂದ 1984ರಲ್ಲಿ 'ಬಿರ್ಕಿನ್' ಬ್ಯಾಗು ಬಂತು. ಅವರಿಗಾಗಿ ಮಾಡಿದ ಮೊಟ್ಟಮೊದಲ ಬ್ಯಾಗು 2025ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಾಯಿತು. ಬೆಲೆ ಸುಮಾರು 86 ಲಕ್ಷ ಯೂರೊ, ಅಂದರೆ 80 ಕೋಟಿ ರೂಪಾಯಿಗೂ ಮೇಲೆ!

ಬೆಲೆ ಕೇಳಿ ಗಾಬರಿಯಾಗಬೇಡಿ. ಎರಡು ಕಥೆಯಲ್ಲೂ ಒಂದು ಮಾತಿದೆ. ಒಬ್ಬ ಹೆಂಗಸು ತನಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳಿದಳು, ಬ್ಯಾಗು ಆಮೇಲೆ ಬಂತು. ನಾವು ಮಾತ್ರ ಉಲ್ಟಾ ಮಾಡುತ್ತಿದ್ದೇವೆ. ಮೊದಲು ಬ್ಯಾಗು ನೋಡುತ್ತೇವೆ, ಆಮೇಲೆ ಅದಕ್ಕೆ ತಕ್ಕ ಹಾಗೆ ನಮ್ಮ ಬದುಕು ಜೋಡಿಸಿಕೊಳ್ಳೋಕೆ ನೋಡುತ್ತೇವೆ.

ಹಾಗಾದರೆ ನಮಗೆ ಏನು ಬೇಕು? ಬೆಳಗಿನ ಹೊತ್ತು ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಆದರೆ ಗುರುತಿನ ಚೀಟಿ ತೋರಿಸಬೇಕು. ಒಂದು ಕೈ ಕಂಬಿ ಹಿಡಿದಿರುತ್ತೆ, ಇನ್ನೊಂದು ಕೈಯಲ್ಲಿ ಆಧಾರ್ ಹುಡುಕಬೇಕು, ಕಂಡಕ್ಟರು ಅವಸರ ಮಾಡುತ್ತಾರೆ. ಕೈಯಲ್ಲಿ ಹಿಡಿಯುವ ಬ್ಯಾಗು ಇಲ್ಲಿ ಕೆಲಸಕ್ಕೆ ಬಾರದು. ಅಡ್ಡಡ್ಡ ಹಾಕಿಕೊಳ್ಳುವ ಪಟ್ಟಿ ಇರಬೇಕು, ಹೊರಗಡೆ ಆಧಾರ್‌ಗೆ ಒಂದು ಜೇಬು, ಒಳಗಡೆ ದುಡ್ಡಿಗೆ ಜಿಪ್ ಇರುವ ಇನ್ನೊಂದು ಜೇಬು ಇರಬೇಕು. ಶನೆಲ್ ಹೇಳಿದ್ದೂ ಇದನ್ನೇ ಅಲ್ಲವೇ?

ಇದು ನಮಗೆ ಹೊಸದೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ತೆಲುಗು ಮಾತಾಡುವ ಮನೆಗಳಲ್ಲಿ ಯಾವ ಚೀಲವಾದರೂ 'ಸಂಚಿ'ಯೇ. ಕನ್ನಡದ ಅಜ್ಜಿಯರಿಗೆ ಸಂಚಿ ಅಂದರೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಎಲೆಅಡಿಕೆ ಚೀಲ. ಎಲೆಗೊಂದು ಅರೆ, ಅಡಿಕೆಗೊಂದು ಅರೆ, ಚಿಲ್ಲರೆ ಕಾಸಿಗೊಂದು ಅರೆ. 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಕೆಲಸದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದು ಕವಿಯಾದರು. ಅವರನ್ನು ಇವತ್ತಿಗೂ ಸಂಚಿಯ ಹೊನ್ನಮ್ಮ ಅಂತಲೇ ಕರೆಯುತ್ತೇವೆ.

ಈಗ ಅಂಗಡಿಗೆ ಹೋಗೋಣ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ತಂಗಿಯೊಬ್ಬಳು ನಮ್ಮನ್ನು ಜೊತೆಗೆ ಕರೆದಳು. ಮನೆಯಲ್ಲಿ ರೇಷ್ಮೆ ಹುಳ ಸಾಕಣೆ. ಬಿ.ಕಾಂ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಮೊದಲ ಸಂಬಳದಲ್ಲಿ 1,500 ರೂಪಾಯಿ ಬ್ಯಾಗಿಗೆ ಅಂತ ಎತ್ತಿಟ್ಟಿದ್ದಳು. ಅವಳಪ್ಪ 'ಬ್ಯಾಗಿಗೆ ಇಷ್ಟು ದುಡ್ಡಾ? ಗೂಡಿನ ರೇಟು ಎಷ್ಟಿದೆ ನೋಡಿದೀಯಾ?' ಅಂತ ರೇಗಿದರು. ಅವಳಮ್ಮ ಮಾತ್ರ ಪಾತ್ರೆ ತೊಳೆಯುತ್ತಾ, 'ಒಳಗಡೆ ಜಿಪ್ ಇರೋ ಜೇಬು ಇರುತ್ತೇನಮ್ಮಾ?' ಅಂತ ಒಂದೇ ಮಾತು ಕೇಳಿದರು.

ಚಿಕ್ಕಬಳ್ಳಾಪುರದ ಅಂಗಡಿಯವನು ಮೊದಲು ತೋರಿಸಿದ್ದು ಎರಡು 'ಸಿ' ಅಕ್ಷರ ಹೆಣೆದ ಥಳಥಳ ಬ್ಯಾಗು. 'ಫಸ್ಟ್ ಕಾಪಿ ಮೇಡಂ, 1,200' ಅಂದ. ನಾವು ಜಿಪ್ಪನ್ನು ಮೂರು ಸಲ ಎಳೆದೆವು, ಮೂರನೇ ಸಲ ಸಿಕ್ಕಿಕೊಂಡಿತು. ಪಟ್ಟಿ ಬ್ಯಾಗಿಗೆ ಸೇರುವ ಜಾಗವನ್ನು ಜಗ್ಗಿದರೆ ಹೊಲಿಗೆ ಬಾಯಿ ಬಿಟ್ಟಿತು. ನಕಲಿ ಹೆಸರು ಹಾಕಿದ ಬ್ಯಾಗಿನಲ್ಲಿ ನಾವು ದುಡ್ಡು ಕೊಡೋದು ಆ ಎರಡು ಅಕ್ಷರಕ್ಕೆ, ಹೊಲಿಗೆಗೆ ಅಲ್ಲ. ನಿಜವಾದ ಫ್ರೆಂಚ್ ಸ್ಟೈಲಿನಲ್ಲಿ ಹೆಸರು ದೊಡ್ಡದಾಗಿ ಕಾಣಿಸುವುದೇ ಅಪರೂಪ. ಬಣ್ಣ ಒಂದೇ, ಆಕಾರ ನೇರ, ಹೊಲಿಗೆ ಗಟ್ಟಿ.

ನೀವು ಕೊಳ್ಳುವಾಗ ಇಷ್ಟು ನೋಡಿ. ಕೆಳಗಿಟ್ಟರೆ ಬ್ಯಾಗು ತಾನಾಗಿ ನಿಲ್ಲಬೇಕು. ಕಾಗದಪತ್ರ ಒಯ್ಯುವವರಾದರೆ ಎ4 ಫೈಲು ಮಡಚದೆ ಹಿಡಿಸಬೇಕು, ಅಂದರೆ 30 ಸೆಂಟಿಮೀಟರಿಗಿಂತ ಸ್ವಲ್ಪ ಅಗಲ ಇರಲಿ. ಕಪ್ಪು, ಕಂದು, ಕಡುನೀಲಿ ಬಣ್ಣಗಳು ಸೀರೆಗೂ ಚೂಡಿದಾರಿಗೂ ಹೊಂದುತ್ತವೆ. ರೀಲ್ಸ್‌ನ ಕೆನೆಬಣ್ಣ ಚೆಂದವೇ, ಆದರೆ ನಮ್ಮ ಕೆಂಪು ಧೂಳಿಗೆ ಒಂದು ವಾರವೂ ತಡೆಯದು. ಒಳಗಿನ ಬಟ್ಟೆ ತಿಳಿಬಣ್ಣದ್ದಾದರೆ ಬೀಗದ ಕೈ ಬೇಗ ಕಾಣುತ್ತೆ. ರೆಕ್ಸಿನ್ ಸಿಪ್ಪೆ ಏಳುತ್ತೆ. ಚರ್ಮದ ಬ್ಯಾಗಿಗೆ ದುಡ್ಡು ಜಾಸ್ತಿ, ಆದರೆ ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತೆ, ಹೊಲಿಗೆ ಬಿಟ್ಟರೆ ಚಪ್ಪಲಿ ಹೊಲಿಯುವವರೇ ಸರಿಮಾಡಿ ಕೊಡುತ್ತಾರೆ. ಚರ್ಮದ್ದೇ ಬೇಕು ಅನ್ನುವವರು ಬೆಂಗಳೂರಿಗೆ ಹೋದಾಗ ರಾಜ್ಯ ಸರ್ಕಾರದ ಲಿಡ್ಕರ್ ಮಳಿಗೆಯಲ್ಲೂ ಒಮ್ಮೆ ವಿಚಾರಿಸಿ. ಬಜೆಟ್ ಕಡಿಮೆಯೇ? ದಪ್ಪ ಕ್ಯಾನ್ವಾಸ್ ಬಟ್ಟೆಯ ಬ್ಯಾಗು ಬೆಸ್ಟು.

ಇನ್ನೊಂದು ಉಪಾಯ ಹೇಳುತ್ತೇವೆ. ಎರ್ಮೆಸ್ 1937ರಿಂದ ರೇಷ್ಮೆ ಸ್ಕಾರ್ಫು ಮಾರುತ್ತಿದೆ, ಅದನ್ನು ಬ್ಯಾಗಿನ ಹಿಡಿಗೆ ಸುತ್ತುವುದು ಅಲ್ಲಿನವರಿಗೆ ಫ್ಯಾಷನ್. ರೇಷ್ಮೆಯ ಊರಿನವರಾದ ನಮಗೆ ಅದೇನು ಕಷ್ಟ? ಅಮ್ಮನ ಹಳೇ ರೇಷ್ಮೆ ಸೀರೆಯ ತುಂಡನ್ನು ಹಿಡಿಗೆ ಸುತ್ತಿ ಗಂಟು ಹಾಕಿ. ಬೆವರಿಗೆ ಹಿಡಿ ಹಾಳಾಗೋದಿಲ್ಲ, ನೋಡೋಕೂ ಚೆಂದ.

ತಂಗಿ ಕೊನೆಗೆ ಕೊಂಡದ್ದು ಹೆಸರಿಲ್ಲದ ಕಂದು ಬ್ಯಾಗು, 850 ರೂಪಾಯಿ. ಉಳಿದ 650ರಲ್ಲಿ ಇನ್ನೊಂದು ಸಣ್ಣ ಕಪ್ಪು ಬ್ಯಾಗು ತೆಗೆದುಕೊಂಡಳು. ಅದರ ಒಳಗೆ ಜಿಪ್ ಇದೆಯಾ ಅಂತ ಎರಡೆರಡು ಸಲ ನೋಡಿದಳು.

ಅವಳಮ್ಮ ಇಷ್ಟು ವರ್ಷ ಚೀಟಿ ದುಡ್ಡನ್ನು ಅಕ್ಕಿ ಡಬ್ಬದಲ್ಲಿಡುತ್ತಿದ್ದರು, ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಬೀರು ಇರುವುದು ಒಂದೇ, ಅದರ ಬೀಗದ ಕೈ ಯಜಮಾನರ ಹತ್ತಿರ. ಈಗ ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ಕು, ಆಧಾರ್, ಬಿಪಿ ಮಾತ್ರೆ, ಒಂದಷ್ಟು ನೋಟು ಎಲ್ಲವೂ ಆ ಕಪ್ಪು ಬ್ಯಾಗಿನಲ್ಲಿ ಗೋಡೆಯ ಮೊಳೆಗೆ ತೂಗುತ್ತಿವೆ. ಮೊನ್ನೆ ನಾವು ಹೋದಾಗ ಯಜಮಾನರು ಚಿಲ್ಲರೆಗೆ ಅಂತ ಅದಕ್ಕೆ ಕೈ ಹಾಕಲು ಹೋದರು. ಆಯಮ್ಮ ಒಲೆ ಮುಂದಿನಿಂದಲೇ ಹೇಳಿದರು: 'ಅದು ನಂದು. ಎಷ್ಟು ಬೇಕು ಕೇಳಿ, ನಾನೇ ತೆಗೆದುಕೊಡ್ತೀನಿ.'