ಅಶರೀರವಾಣಿ

ಅರವತ್ತು ತುಂಬಿದ ಗಂಡಸು ಅಟ್ಟವನ್ನು ಹತ್ತಬಾರದೆಂಬುದು ನಮ್ಮ ಮನೆಯವರ ಮತ. ಹತ್ತಿದರೆ ಬೀಳುವನೆಂಬ ಭಯಕ್ಕಿಂತಲೂ, ಬೀಳದೆ ಕೈಯಲ್ಲಿ ಏನನ್ನಾದರೂ ಹಿಡಿದು ಇಳಿಯುವನೆಂಬ ಭಯವೇ ಅವರಿಗೆ ಹೆಚ್ಚು. ಅವರ ಭಯ ಸುಳ್ಳಾಗಲಿಲ್ಲ. ಪೆನ್ಷನ್ನು ಆರಂಭವಾದ ಎರಡನೆಯ ತಿಂಗಳಲ್ಲಿ ನಾವು ಮಳವಳ್ಳಿಯ ನಮ್ಮ ಹಳೆಯ ಮನೆಯ ಅಟ್ಟದಿಂದ ಎರಡು ವಸ್ತುಗಳನ್ನು ಇಳಿಸಿದೆವು. ಒಂದು, ನಮ್ಮ ತೀರ್ಥರೂಪರ ಫಿಲಿಪ್ಸ್ ರೇಡಿಯೋ. ಮತ್ತೊಂದು, ತಗಡಿನ ಟ್ರಂಕು. ಟ್ರಂಕನ್ನು ಆಗಲೇ ತೆರೆಯಲಿಲ್ಲ. ಹಳೆಯ ಅಂಕಪಟ್ಟಿಗಳಲ್ಲದೆ ಅದರಲ್ಲಿ ಬೇರೇನಿದ್ದೀತು ಎಂದು ಮೂಲೆಗೆ ತಳ್ಳಿದೆವು.

ರೇಡಿಯೋ ವಾಲ್ವಿನ ಕಾಲದ್ದು. ಗುಂಡಿಯನ್ನು ತಿರುಗಿಸಿದೊಡನೆ ಮಾತನಾಡುವ ಜಾತಿಯದಲ್ಲ. ಗಾಜಿನ ಬುರುಡೆಗಳು ಕಾದು ಕೆಂಪಾಗುವವರೆಗೆ ಅರೆನಿಮಿಷ ಮೌನವಾಗಿದ್ದು, ಗಂಟಲನ್ನು ಸರಿಪಡಿಸಿಕೊಂಡು, ಆಮೇಲೆ ಬಾಯಿ ತೆರೆಯುವಂಥದು. ರೇಡಿಯೋ ಇಟ್ಟುಕೊಳ್ಳುವುದಕ್ಕೆ ಸರ್ಕಾರದ ಪರವಾನಗಿ ಬೇಕಾಗಿದ್ದ ಕಾಲವದು. ವರ್ಷಕ್ಕೊಮ್ಮೆ ತೀರ್ಥರೂಪರು ಅಂಚೆ ಕಛೇರಿಗೆ ಹೋಗಿ ಹಣ ಕಟ್ಟಿ ಬರುತ್ತಿದ್ದರು. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿ, ತೊಂಬತ್ತು ಮೈಲಿಗೂ ಮೇಲ್ಪಟ್ಟ ದೂರ ಹರಿದು ಕೋಲಾರದ ಚಿನ್ನದ ಗಣಿಯನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಹುಟ್ಟಿದ ಸೀಮೆಯ ಹಳ್ಳಿಗಳಿಗೆ ಮಾತ್ರ, ದೂರಕ್ಕೆ ಕೊಟ್ಟ ಹೆಣ್ಣು ತವರಿಗೆ ಬರುವಂತೆ, ಬಹಳ ತಡವಾಗಿ ಬಂದಿತು. ಆದುದರಿಂದ ನಮ್ಮ ಬಾಲ್ಯದಲ್ಲಿ ಆ ರೇಡಿಯೋ ಬೀದಿಗೆಲ್ಲ ಒಂದೇ.

1974ರ ಜೂನ್ 30ರಂದು ಆಕಾಶವಾಣಿಯು ಸಂಸ್ಕೃತದಲ್ಲಿ ವಾರ್ತೆಗಳನ್ನು ಆರಂಭಿಸಿತು. ಆಗ ನಾವು ಒಂಬತ್ತು ವರ್ಷದವರು. ಅಲ್ಲಿಯವರೆಗೆ ಸಂಸ್ಕೃತವೆಂದರೆ ಶ್ರಾದ್ಧದ ದಿನ ಪುರೋಹಿತರು ಅವಸರದಿಂದ ಹೇಳಿ ಮುಗಿಸುವ ಏನೋ ಒಂದು ಎಂದು ತಿಳಿದಿದ್ದೆವು. ಆ ಭಾಷೆಯಲ್ಲಿ ಮಂತ್ರಿಗಳು ಪ್ರಯಾಣ ಮಾಡುವುದನ್ನು, ಎಲ್ಲಿಯೋ ನೆರೆ ಬಂದುದನ್ನು, ಯಾರೋ ಆಟದಲ್ಲಿ ಸೋತುದನ್ನು ಕೇಳಿ ಮೈ ಜುಮ್ಮೆಂದಿತು. ನಾವು ಮುಂದೆ ಸಂಸ್ಕೃತವನ್ನು ಓದಿ, ಅದರಿಂದಲೇ ಅನ್ನವನ್ನು ಸಂಪಾದಿಸಿ, ಸಂಸಾರವನ್ನು ನಡೆಯಿಸಿದುದಕ್ಕೆ ಮೂಲಕಾರಣ ಯಾವ ಗುರುವೂ ಅಲ್ಲ, ಆ ಪೆಟ್ಟಿಗೆಯೊಳಗಿನ ಒಂದು ಕಾಗದದ ಆಲಿಕೆ. ಇದನ್ನು ಇಷ್ಟು ಕಾಲ ಯಾರಿಗೂ ಹೇಳಿರಲಿಲ್ಲ.

ಆ ಆಲಿಕೆಯನ್ನು ಇಲಿ ಕಡಿದಿತ್ತು.

ಮಳವಳ್ಳಿಯಲ್ಲಿ ರೇಡಿಯೋ ರಿಪೇರಿಯ ಅಂಗಡಿಗಳಾಗಿದ್ದುವೆಲ್ಲ ಈಗ ಮೊಬೈಲು ಅಂಗಡಿಗಳು. ಅಲ್ಲಿಯ ಹುಡುಗನೊಬ್ಬನು ನಮ್ಮ ಪೆಟ್ಟಿಗೆಯನ್ನು ಕಂಡು ನಕ್ಕು, "ಮದ್ದೂರಿನಲ್ಲಿ ಒಬ್ಬ ಹುಚ್ಚ ಅವ್ನೆ, ಅವನ ತಾವು ತಕ್ಕೊಂಡೋಗಿ" ಎಂದನು. ರೇಡಿಯೋವನ್ನು ದುಪ್ಪಟಿಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟೆವು. ಕಬ್ಬು ಅರೆಯುವ ಕಾಲ, ಕೆ. ಎಂ. ದೊಡ್ಡಿಯ ಬಳಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಮುಕ್ಕಾಲು ಗಂಟೆ ನಿಂತುದಾಯಿತು.

ಮದ್ದೂರಿನ ಆ 'ಹುಚ್ಚ'ನು ಹಗಲೆಲ್ಲ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕಸುಬಿನವನು. ಐವತ್ತರ ಹತ್ತಿರದ ವಯಸ್ಸು. ನಮ್ಮನ್ನು ಕಂಡವನೇ ಕೈಯನ್ನು ಒರೆಸಿಕೊಂಡು ಎದ್ದು, "ಬನ್ನಿ ಸಾ, ಬನ್ನಿ" ಎಂದನು. ನಮಗೆ ಗುರುತು ಹತ್ತಲಿಲ್ಲ. "ಎಂಟನೇ ಕ್ಲಾಸು ಸಾ, ಮೂರನೇ ಬೆಂಚು. ನನ್ ಪುಸ್ತಕ ಇನ್ನೂ ನಿಮ್ ತಾವೇ ಐತೆ!" ಎಂದು ನಕ್ಕನು. ನಾವೂ ನಕ್ಕೆವು. ಮೇಷ್ಟರಾದವರಿಗೆ ಇಂಥ ಮಾತುಗಳು ರೂಢಿ.

ಅಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದನು. ಅದರ ಒಂದು ಗೋಡೆಯ ತುಂಬ ಸ್ಪೀಕರುಗಳು, ಎದುರು ಗೋಡೆಯ ತುಂಬ ಪುಸ್ತಕಗಳು. ಸ್ಪೀಕರುಗಳೆಂದರೆ ಹಳೆಯವು ಮಾತ್ರ: ಮಂಡ್ಯದ ಗುಜರಿ ಅಂಗಡಿಗಳಲ್ಲಿ ಅಯಸ್ಕಾಂತದ ತೂಕಕ್ಕೆ ಮಾರಿಹೋಗುತ್ತಿದ್ದುವು, ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಬುಟ್ಟಿಯ ತಳದಲ್ಲಿ ಸಿಕ್ಕಿದುವು, ಟೂರಿಂಗ್ ಟಾಕೀಸೊಂದು ಡೇರೆ ಕಿತ್ತಾಗ ಬಿಟ್ಟುಹೋದ ತಗಡಿನ ಕಹಳೆಯೊಂದು. ಒಂದೊಂದರ ಜಾತಕವೂ ಅವನಿಗೆ ಕಂಠಪಾಠ. ಇಂದಿನ ಸ್ಪೀಕರಿನ ಮೂಲರೂಪವನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಿಸಿದರಂತೆ. ಕಾಗದದ ಆಲಿಕೆಯ ಬುಡಕ್ಕೆ ಸಣ್ಣ ತಂತಿಯ ಸುರುಳಿ. ಆ ಸುರುಳಿಯು ಅಯಸ್ಕಾಂತದ ಸಂದಿನಲ್ಲಿ ತೂಗಾಡುತ್ತಿರಬೇಕು. ತಂತಿಯಲ್ಲಿ ವಿದ್ಯುತ್ತು ಏರಿಳಿದಂತೆ ಕಾಗದವು ಮುಂದಕ್ಕೂ ಹಿಂದಕ್ಕೂ ನಡುಗಿ ಗಾಳಿಯನ್ನು ತಳ್ಳುತ್ತದೆ. ಇಷ್ಟೇ. ನೂರು ವರ್ಷಗಳಾದರೂ ತತ್ತ್ವ ಬದಲಾಗಿಲ್ಲ.

"ಹಾಗಾದರೆ ಹಳೆಯದರ ಮೇಲೇ ಏಕಯ್ಯಾ ಇಷ್ಟು ಮೋಹ?" ಎಂದು ಕೇಳಿದೆವು.

ಆಗಿನ ರೇಡಿಯೋಗಳಿಗೆ ಮೂರು ನಾಲ್ಕು ವಾಟುಗಳಿಗಿಂತ ಹೆಚ್ಚು ಬಲವಿರಲಿಲ್ಲ; ಅಷ್ಟರಲ್ಲೇ ಮನೆ ತುಂಬಬೇಕಾದುದರಿಂದ ಕಾಗದವನ್ನು ಬಹಳ ಹಗುರವಾಗಿ ಮಾಡುತ್ತಿದ್ದರು. ಈಗ ಬಲ ಸೋವಿಯಾದುದರಿಂದ ಆಲಿಕೆಯನ್ನು ಭಾರ ಮಾಡಿ, ಸಣ್ಣ ಪೆಟ್ಟಿಗೆಯಲ್ಲಿ ದಪ್ಪ ಸ್ವರವನ್ನು ಹೊರಡಿಸುತ್ತಾರೆ. ಹಳೆಯದರಲ್ಲಿ ತೀರ ಕೆಳಗಿನ ಸ್ವರವೂ ಇಲ್ಲ, ತೀರ ಮೇಲಿನದೂ ಇಲ್ಲ. ಮನುಷ್ಯನ ಗಂಟಲು ಇರುವ ನಡುವಿನ ಭಾಗ ಮಾತ್ರ ಇದೆ. "ಇದರಲ್ಲಿ ಇಲ್ದೇ ಇರೋದೇ ಇದರ ಸೊಗಸು ಸಾ" ಎಂದನು. ಈ ಹವ್ಯಾಸದವರಲ್ಲಿ ಸಾವಿರಾರು ರೂಪಾಯಿ ಕೊಟ್ಟು ವಿಶೇಷ ತಂತಿ ಕೊಳ್ಳುವವರೂ ಉಂಟಂತೆ. ಅದನ್ನು ಹೇಳಿ ತಾನೇ ನಕ್ಕನು. ಹುಚ್ಚನ ವಿವೇಕ ನಮಗೆ ಹಿಡಿಸಿತು.

ನಮ್ಮ ವಿದ್ಯೆಯನ್ನೂ ತುಸು ತೋರಿಸಬೇಕಲ್ಲ! ಶಬ್ದವು ಕಿವಿಯನ್ನು ಸೇರುವ ಬಗೆಯನ್ನು ನಮ್ಮ ನೈಯಾಯಿಕರು ಎರಡು ದೃಷ್ಟಾಂತಗಳಿಂದ ವಿವರಿಸಿದ್ದಾರೆಂದು ಹೇಳಿದೆವು. ವೀಚೀತರಂಗನ್ಯಾಯ ಒಂದು: ನೀರಿನಲ್ಲಿ ಅಲೆಯಿಂದ ಅಲೆ ಹುಟ್ಟುವಂತೆ ಶಬ್ದದಿಂದ ಶಬ್ದ ಹುಟ್ಟಿ ಮುಂದುವರಿಯುತ್ತದೆ. ಕದಂಬಮುಕುಲನ್ಯಾಯ ಇನ್ನೊಂದು: ಕದಂಬದ ಮೊಗ್ಗಿನ ಎಸಳುಗಳಂತೆ ಶಬ್ದವು ಎಲ್ಲ ದಿಕ್ಕಿಗೂ ಒಮ್ಮೆಗೇ ಹೊಮ್ಮುತ್ತದೆ. ಯಾವುದು ಸರಿಯೆಂದು ಪಂಡಿತರು ಬಹುಕಾಲ ವಾದಿಸಿದ್ದಾರೆ. ಶಿಷ್ಯನು ಸ್ವಲ್ಪ ಹೊತ್ತು ಯೋಚಿಸಿ, "ಎಲ್ಡೂ ಸರಿ ಸಾ. ದಪ್ಪ ಸ್ವರ ಕದಂಬದ ಹೂವೇಯ, ಸುತ್ತ ಹಬ್ತದೆ. ಸಣ್ಣ ಸ್ವರ ಮಾತ್ರ ಬಾಣ, ಸ್ಪೀಕರಿಗೆ ನೇರ ಎದುರಿಗೆ ಕುಂತೋರಿಗೇ ಸರಿಯಾಗಿ ಬೀಳೋದು" ಎಂದು, ಹಾಡು ಹಾಕಿ, ನಮ್ಮನ್ನು ಪಕ್ಕಕ್ಕೆ ಕೂರಿಸಿ ಕೇಳಿಸಿದನು. ನಿಜ. ನಮ್ಮ ಪಂಡಿತರಿಗೆ ಈ ಬಾಣದ ವಿಷಯ ಹೊಳೆದಿರಲಿಲ್ಲ.

ಎದುರು ಗೋಡೆಯ ಪುಸ್ತಕಗಳೆಲ್ಲ ಇಲ್ಲದ ಲೋಕಗಳ ಕಥೆಗಳು. ಗ್ರಹಾಂತರ ಯಾತ್ರೆ, ಕಾಲದೊಳಗೆ ಪಯಣ, ಯೋಚಿಸುವ ಯಂತ್ರ. ಸ್ಪೀಕರಿಗೂ ಇದಕ್ಕೂ ಏನು ಸಂಬಂಧವೆಂದು ಕೇಳಿದುದಕ್ಕೆ, ಎರಡೂ ಒಂದೇ ಮನೆಯಲ್ಲಿ ಹುಟ್ಟಿದುವೆಂದನು. ಕೇಳಿದಂತೆ ನಮಗೂ ಆಶ್ಚರ್ಯವಾಯಿತು. ಈ ಬಗೆಯ ಕಥೆಗಳಿಗೇ ಮೀಸಲಾದ 'ಅಮೇಝಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆಯನ್ನು 1926ರಲ್ಲಿ ಅಮೆರಿಕದಲ್ಲಿ ಹೊರಡಿಸಿದ ಹ್ಯೂಗೊ ಗರ್ನ್ಸ್‌ಬ್ಯಾಕ್ ಎಂಬಾತನು ಅದಕ್ಕೆ ಮೊದಲು ರೇಡಿಯೋ ಬಿಡಿಭಾಗಗಳನ್ನು ಮಾರುತ್ತ, ರೇಡಿಯೋ ಹವ್ಯಾಸಿಗಳಿಗೆ ಪತ್ರಿಕೆ ನಡೆಸುತ್ತಿದ್ದವನಂತೆ. ನಮ್ಮವರೇ ಆದ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ನಿಸ್ತಂತು ತರಂಗಗಳನ್ನು ಗೋಡೆ ದಾಟಿಸಿ ಗಂಟೆ ಬಾರಿಸಿದರು. ಅವರೇ 1896ರಲ್ಲಿ ಬಂಗಾಳಿಯಲ್ಲಿ ಒಂದು ಕಥೆ ಬರೆದು, ಒಂದು ಸೀಸೆ ತಲೆಯೆಣ್ಣೆಯಿಂದ ಸಮುದ್ರದ ಬಿರುಗಾಳಿಯನ್ನು ಅಡಗಿಸಿದರು. ಆರ್ಥರ್ ಕ್ಲಾರ್ಕ್ ಎಂಬ ಕಥೆಗಾರನು 1945ರಲ್ಲಿ 'ವೈರ್‌ಲೆಸ್ ವರ್ಲ್ಡ್' ಎಂಬ ರೇಡಿಯೋ ಪತ್ರಿಕೆಯಲ್ಲಿ, ಭೂಮಿಯಿಂದ ಸುಮಾರು 36,000 ಕಿಲೋಮೀಟರು ಮೇಲೆ ಉಪಗ್ರಹಗಳನ್ನು ನಿಲ್ಲಿಸಿ ಜಗತ್ತಿಗೆಲ್ಲ ಧ್ವನಿಯನ್ನು ಹಂಚಬಹುದೆಂದು ಲೆಕ್ಕ ಹಾಕಿ ತೋರಿಸಿದನು. ಅಂಥ ಉಪಗ್ರಹಗಳನ್ನು ನೋಡಿಕೊಳ್ಳುವ ನಮ್ಮ ದೇಶದ ಕೇಂದ್ರ ಇರುವುದು ಪಕ್ಕದ ಹಾಸನದಲ್ಲಿಯೇ.

ನಾವೂ ಸೋಲಲಿಲ್ಲ. ಮರದ ಗರುಡನನ್ನೇರಿ ವಿಷ್ಣುವಿನ ವೇಷದಲ್ಲಿ ಅರಮನೆಗೆ ಹಾರಿದ ಪಂಚತಂತ್ರದ ನೇಕಾರನನ್ನೂ, ಊರಿಗೆ ಊರನ್ನೇ ಮರದ ಯಂತ್ರಮನುಷ್ಯರಿಂದ ತುಂಬಿಸಿದ ಕಥಾಸರಿತ್ಸಾಗರದ ಬಡಗಿಯನ್ನೂ ಅವನಿಗೆ ಪರಿಚಯ ಮಾಡಿಕೊಟ್ಟೆವು. ಅವನ ಕಣ್ಣು ಅರಳಿತು. "ಅಂಗಾದ್ರೆ ವಿಮಾನ ನಮ್ಮೋರೇ ಮಾಡಿದ್ರಾ ಸಾ?" ಎಂದನು. ಇಲ್ಲವೆಂದೆವು. ವೈಮಾನಿಕ ಶಾಸ್ತ್ರವೆಂಬ ಗ್ರಂಥವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ಪರೀಕ್ಷಿಸಿ, ಅದು ಇಪ್ಪತ್ತನೆಯ ಶತಮಾನದ ಆದಿಯ ರಚನೆಯೆಂದೂ, ಅದರ ವಿಮಾನಗಳು ಹಾರಲಾರವೆಂದೂ ತೋರಿಸಿದ್ದಾರೆ. ನೇಕಾರನ ಗರುಡ ಹಾರಿದುದು ಕಥೆಯಲ್ಲಿ; ಅಲ್ಲಿ ಅದು ಬಲು ಚೆನ್ನಾಗಿಯೇ ಹಾರುತ್ತದೆ. ಕಥೆಯನ್ನು ದಾಖಲೆಯೆಂದು ಸಾಧಿಸಹೊರಡುವವರು ಕಥೆಗೂ ಅಪಮಾನ ಮಾಡುತ್ತಾರೆ. ಆದರೆ ಒಂದು ಪದವಂತೂ ಕಥೆಯಿಂದ ನಡೆದುಬಂದು ವಸ್ತುವಾಯಿತು. ಕಂಸನು ತಂಗಿಯ ರಥವನ್ನು ಹೊಡೆಯುತ್ತಿದ್ದಾಗ ಕೇಳಿಬಂದುದು ಅಶರೀರವಾಣಿ, ಆಕಾಶವಾಣಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, ಮೂವತ್ತು ವಾಟಿನ ಯಂತ್ರದಿಂದ, ಬಾನುಲಿಯನ್ನು ಆರಂಭಿಸಿದರು. ಅದಕ್ಕೆ ಇಟ್ಟ ಆಕಾಶವಾಣಿಯೆಂಬ ಹೆಸರನ್ನೇ ಸ್ವಾತಂತ್ರ್ಯಾನಂತರ ದೇಶವೆಲ್ಲ ಪಡೆಯಿತು. ಅದೂ ಒಬ್ಬ ಮೇಷ್ಟರ ಹವ್ಯಾಸವೇ.

ರೇಡಿಯೋವನ್ನು ಅವನಲ್ಲಿ ಬಿಟ್ಟು ಹೊರಡುವಾಗ, "ಅದೇನೋ ಪುಸ್ತಕ ಎಂದೆಯಲ್ಲ?" ಎಂದೆವು.

1992ರ ಮಾತು. ನಾವು ತರಗತಿಯಲ್ಲಿ ವಿಭಕ್ತಿಗಳನ್ನು ಹೇಳಿಸುತ್ತಿದ್ದೆವಂತೆ. ಅವನು ಪಾಠಪುಸ್ತಕದ ಮರೆಯಲ್ಲಿ ರಾಜಶೇಖರ ಭೂಸನೂರಮಠರ ಒಂದು ವೈಜ್ಞಾನಿಕ ಕಾದಂಬರಿಯನ್ನು ಓದುತ್ತಿದ್ದನು. ನಾವು ಅದನ್ನು ಕಸಿದುಕೊಂಡು, 'ಇಂಥ ಕಸವನ್ನು ಓದುವವನು ಆಲೆಮನೆಯಲ್ಲಿ ಬೆಂಕಿ ಹಾಕುವುದಕ್ಕೇ ಲಾಯಕ್ಕು' ಎಂದೆವಂತೆ. ಅವನ ತಂದೆ ಆಲೆಮನೆಯಲ್ಲಿ ಬೆಂಕಿ ಹಾಕುವವರಾಗಿದ್ದರು. ಪುಸ್ತಕವು ವಾಚನಾಲಯದ್ದು. ಹಿಂದಿರುಗಿಸಲಾಗದೆ ದಂಡ ಬಿದ್ದಿತು. ತಂದೆ ದಂಡ ಕಟ್ಟಿದರು, ಕಾರ್ಡು ಹೋಯಿತು. ಇದನ್ನೆಲ್ಲ ಅವನು ಮಳೆಬೆಳೆಯ ಸಮಾಚಾರ ಹೇಳುವಂತೆ ಹೇಳಿದನು.

"ಬೇರೆ ಪ್ರತಿ ಸಿಕ್ಕಲಿಲ್ಲವೆ?"

"ಸಿಗ್ತಿತ್ತೇನೋ ಸಾ. ಹುಡುಕ್ಲಿಲ್ಲ. ಕೊನೇನ ನಾನೇ ಹತ್ತು ಥರ ಮಾಡ್ಕಂಡಿವ್ನಿ."

ಆ ರಾತ್ರಿ ಟ್ರಂಕನ್ನು ತೆರೆದೆವು. ಅಂಕಪಟ್ಟಿಗಳ ಕೆಳಗೆ ಎರಡು ಬುಗುರಿ, ಒಂದು ಕವಣೆ, ಅದರ ಕೆಳಗೆ ವಾಚನಾಲಯದ ಮುದ್ರೆಯಿದ್ದ ಪುಸ್ತಕ. ಒಂದು ಪುಟದ ಮೂಲೆ ಮಡಿಸಿತ್ತು. ನಮ್ಮ ಮನೆಯವರು ಇಣುಕಿ ನೋಡಿ, "ಇಷ್ಟು ವರ್ಷ ಆ ಮಗುವಿನ ಪುಸ್ತಕ ಇಟ್ಕೊಂಡಿದ್ರಾ?" ಎಂದರು. ಮೂವತ್ತು ವರ್ಷಕ್ಕೂ ಮೇಲೆ ನಾವು ತರಗತಿಗಳಲ್ಲಿ ಉತ್ತರ ಹೇಳಿಸಿದ್ದೇವೆ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹದಿನೈದು ದಿನಗಳ ಮೇಲೆ ಮತ್ತೆ ಮದ್ದೂರಿಗೆ ಹೋದೆವು. ಶಿಷ್ಯನು ಸ್ಪೀಕರನ್ನು ಬಿಚ್ಚಿಕೊಂಡು ಕುಳಿತಿದ್ದನು. ಇಲಿ ಕಡಿದ ಜಾಗಕ್ಕೆ ನೀರು ಬೆರೆಸಿದ ಅಂಟಿನಿಂದ ತೆಳುಕಾಗದವನ್ನು ಪದರ ಪದರವಾಗಿ ಕೂರಿಸಿಯಾಗಿತ್ತು. ಇನ್ನುಳಿದುದು ಸುರುಳಿಯನ್ನು ಅಯಸ್ಕಾಂತದ ಸಂದಿನಲ್ಲಿ ಸರಿಯಾಗಿ ನಡುವಿಗೆ ನಿಲ್ಲಿಸುವುದು. ಒಂದು ಕಡೆಗೆ ಕೂದಲೆಳೆಯಷ್ಟು ಸರಿದರೂ ಅದು ಉಜ್ಜಿ ಗೊರಗುಟ್ಟುತ್ತದೆ. ಅದಕ್ಕಾಗಿ ಸುರುಳಿಯ ಒಳಗೆ ಸುತ್ತಲೂ ತೆಳುವಾದ ಪಟ್ಟಿಗಳನ್ನು ತೂರಿಸಿ, ಅಂಟು ಒಣಗಿದ ಮೇಲೆ ಎಳೆದು ತೆಗೆಯುತ್ತಾರೆ. ಅವನು ಪಟ್ಟಿಗಳನ್ನು ಒಂದು ಹಳೆಯ ಎಕ್ಸರೇ ಹಾಳೆಯಿಂದ ಕತ್ತರಿಸಿದ್ದನು. ಉಳಿದ ತುಂಡನ್ನು ಬೆಳಕಿಗೆ ಹಿಡಿದೆವು, ಪಕ್ಕೆಲುಬುಗಳು ಕಂಡವು.

"ಯಾರದಯ್ಯಾ ಈ ಎದೆಗೂಡು?"

"ನಮ್ಮಪ್ಪಂದು ಸಾ. ಹೊಗೆ ಕುಡ್ದು ಕುಡ್ದು ಹೋದ್ರು. ಆಗ ಉಪಯೋಗಕ್ಕೆ ಬರ್ಲಿಲ್ಲ. ಈಗ್ಲಾದ್ರೂ ಬರ್ಲಿ ಅಂತ."

ಪುಸ್ತಕವನ್ನು ಚೀಲದಿಂದ ತೆಗೆದು ಅವನ ಮುಂದೆ ಇಟ್ಟೆವು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ವಾಕ್ಯವು ಬಾಯಿಗೆ ಬರಲಿಲ್ಲ. "ಅಂದು ನಾವು ಆಡಿದ ಮಾತು ತಪ್ಪು" ಎಂದಷ್ಟೇ ಹೇಳಿದೆವು. ಅವನು ಪುಸ್ತಕವನ್ನು ಮುಟ್ಟಲಿಲ್ಲ. "ಕೈಯೆಲ್ಲ ಅಂಟು ಸಾ" ಎಂದು, ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡು, ಪಟ್ಟಿಗಳನ್ನು ಒಂದೊಂದಾಗಿ ಎಳೆಯತೊಡಗಿದನು.

ಸ್ಪೀಕರು ರೇಡಿಯೋದೊಳಗೆ ಕುಳಿತಿತು. ವಾಲ್ವುಗಳು ನಿಧಾನವಾಗಿ ಕೆಂಪಾದುವು. ಪೆಟ್ಟಿಗೆಯ ಹಿಂದೆ ಗ್ರಾಮಫೋನಿಗೆಂದು ಬಿಟ್ಟಿದ್ದ ತೂತುಗಳಿಗೆ ಅವನು ಒಂದು ಮೈಕನ್ನು ಜೋಡಿಸಿ, ತಂತಿಯನ್ನು ಅಂಗಡಿಯ ಮುಂಭಾಗದವರೆಗೆ ಎಳೆದು, ಮೈಕನ್ನು ನಮ್ಮ ಕೈಗೆ ಕೊಟ್ಟನು. ಉಜ್ಜುತ್ತದೆಯೋ ಇಲ್ಲವೋ ತಿಳಿಯಲು ಮನುಷ್ಯನ ಮಾತಿಗಿಂತ ಒಳ್ಳೆಯ ಪರೀಕ್ಷೆಯಿಲ್ಲವಂತೆ. ಯಾವುದಾದರೊಂದು ಶ್ಲೋಕ ಹೇಳೋಣವೆಂದು ಗಂಟಲು ಸರಿಪಡಿಸಿಕೊಂಡೆವು.

"ಶ್ಲೋಕ ಬ್ಯಾಡಿ ಸಾ" ಎಂದು ಹಿಂದಿನ ಕೋಣೆಯಿಂದ ಕೂಗಿದನು. "ಅದ ಓದಿ. ಮಡಿಸಿರೋ ಪುಟದಿಂದ."

ಕನ್ನಡಕ ಹಾಕಿಕೊಂಡು ಓದಲಾರಂಭಿಸಿದೆವು. ಒಳಗಿನಿಂದ, ತೀರ್ಥರೂಪರ ರೇಡಿಯೋದಲ್ಲಿ, ಯಾರೋ ಓದುತ್ತಿರುವುದು ನಮಗೆ ಕೇಳಿಸುತ್ತಿತ್ತು. ಬೀದಿಯಲ್ಲಿ ಕಬ್ಬಿನ ಗಾಡಿಗಳು ಹೋದುವು. ಮೋಟಾರು ಒಯ್ಯಲು ಬಂದ ರೈತರಿಬ್ಬರು ಬಾಗಿಲಲ್ಲಿ ನಿಂತರು. ಎರಡು ಪುಟವಾದ ಮೇಲೆ ನಿಲ್ಲಿಸಿ, "ಸಾಕೇನಯ್ಯಾ?" ಎಂದೆವು.

"ಇಲ್ಲ ಸಾ, ಎಲ್ಲೋ ಒಸಿ ಉಜ್ತಾ ಐತೆ. ಇನ್ನೊಂದ್ ಪುಟ" ಎಂದನು.

ಎಲ್ಲಿಯೂ ಉಜ್ಜುತ್ತಿರಲಿಲ್ಲ. ನಾವು ಪುಟವನ್ನು ತಿರುಗಿಸಿದೆವು.